ವಿದ್ಯುತ್ತಿನ ಸಾಕ್ಷ್ಯ: ಮೂತ್ರದಲ್ಲಿ ಸೋಂಕಿನ ಕುರುಹನ್ನು ಅರಸುವ ಸಂವೇದಕಗಳನ್ನು ಕುರಿತು



ಸಭೆಯಲ್ಲಿ ಎತ್ತಿ ಆಡಲು ಶಿಷ್ಟರು ಸಂಕೋಚಪಡುವ ವಸ್ತುವೊಂದನ್ನು ನಾನು ಈ ದಿನದ ಉಪನ್ಯಾಸಕ್ಕಾಗಿ ಆರಿಸಿಕೊಂಡಿದ್ದೇನೆ. ಆ ಸಂಕೋಚವು ನಮ್ಮ ಹೆಣ್ಣುಮಕ್ಕಳ ಮೇಲೆ ಎಷ್ಟೊಂದು ನೋವನ್ನು ಹೊರಿಸಿದೆಯೆಂಬುದನ್ನು ಬಲ್ಲವನಾದ್ದರಿಂದಲೇ ಈ ಆಯ್ಕೆಯನ್ನು ಮಾಡಿದೆನೆಂದು ಮೊದಲಿಗೇ ಅರಿಕೆಮಾಡಿಕೊಳ್ಳುತ್ತೇನೆ. ಉರಿಮೂತ್ರವೆಂದು ನಮ್ಮ ಮನೆಗಳಲ್ಲಿ ಕರೆಯುವ ಬಾಧೆ ಬಂದಾಗ, ಅದು ಮೈಯ ಉಷ್ಣವೆಂದು ಬಗೆದು, ಎಳನೀರು, ಮಜ್ಜಿಗೆ, ಬಾರ್ಲಿ ನೀರುಗಳನ್ನು ಕುಡಿದು, ಯಾರೊಡನೆಯೂ ಹೇಳಿಕೊಳ್ಳದೆ ದಿನಗಳನ್ನು ಕಳೆದು, ಸೊಂಟದ ಮೇಲ್ಭಾಗದಲ್ಲಿ ನೋವು ಕಾಣಿಸಿ ಚಳಿಜ್ವರವೇರಿದ ಮೇಲೆ ಮಾತ್ರವೇ ಆಸ್ಪತ್ರೆಯ ಮೆಟ್ಟಿಲನ್ನು ಹತ್ತುವವರು ಇಂದಿಗೂ ಅಸಂಖ್ಯರು. ನೀರು ಕುಡಿಯುವುದು ಒಳ್ಳೆಯದೇ. ಆದರೆ ಆ ಉರಿಯ ಹಿಂದೆ ಸೋಂಕು ಇದೆಯೆ, ಇದ್ದರೆ ಅದು ಯಾವ ಸೂಕ್ಷ್ಮಾಣುವಿನದು, ಆ ಸೂಕ್ಷ್ಮಾಣು ಯಾವ ಮದ್ದಿಗೆ ಮಣಿಯುವುದು ಎಂಬ ಮೂರು ಪ್ರಶ್ನೆಗಳಿಗೆ ನೀರು ಉತ್ತರ ಹೇಳಲಾರದು.

ಮೂತ್ರಾಶಯದಿಂದ ಹೊರಬರುವ ನಾಳವು ಸ್ತ್ರೀಯರಲ್ಲಿ ಗಿಡ್ಡವಾಗಿರುವುದರಿಂದ, ಕರುಳಿನಲ್ಲಿ ನಿರಪಾಯವಾಗಿ ವಾಸಿಸುವ ಬ್ಯಾಕ್ಟೀರಿಯಗಳು ಅಲ್ಲಿಂದ ಹೊರಟು ಮೂತ್ರಾಶಯವನ್ನು ಸೇರಲು ಹೆಚ್ಚಿನ ದಾರಿಯನ್ನು ಸವೆಸಬೇಕಾಗಿಲ್ಲ. ಸರಿಸುಮಾರು ಅರ್ಧದಷ್ಟು ಸ್ತ್ರೀಯರು ಬಾಳಿನಲ್ಲಿ ಒಂದು ಬಾರಿಯಾದರೂ ಈ ಸೋಂಕಿಗೆ ಗುರಿಯಾಗುತ್ತಾರೆ. ಈ ಬ್ಯಾಕ್ಟೀರಿಯಗಳಲ್ಲಿ ಮುಖ್ಯವಾದದ್ದು, 1885ರಲ್ಲಿ ಜರ್ಮನ್ ಶಿಶುವೈದ್ಯ ಥಿಯೊಡೋರ್ ಎಶರಿಕ್ ವರ್ಣಿಸಿದ, ಈಗ ಅವನ ಹೆಸರನ್ನೇ ಹೊತ್ತಿರುವ ಎಶರಿಕಿಯ ಕೋಲಿ. ಬಸುರಿಯರಲ್ಲಿ ಈ ಸೋಂಕು ಯಾವ ಲಕ್ಷಣವನ್ನೂ ತೋರದೆ ಅಡಗಿದ್ದು, ಮುಂದೆ ಮೂತ್ರಪಿಂಡಕ್ಕೇರಿ ತಾಯಿಯನ್ನೂ ಗರ್ಭವನ್ನೂ ಅಪಾಯಕ್ಕೆ ದೂಡಬಲ್ಲದೆಂಬ ಸಂಗತಿ ವೈದ್ಯರಿಗೆ ತಿಳಿದದ್ದೇ. ಆದಕಾರಣ ಇದನ್ನು ಸಣ್ಣ ಕಾಯಿಲೆಯೆಂದು ತಳ್ಳಿಹಾಕುವಂತಿಲ್ಲ.

ಈಗ ಪ್ರಯೋಗಶಾಲೆಯೊಳಗೆ ಒಂದು ಕ್ಷಣ ನನ್ನೊಡನೆ ಬನ್ನಿರಿ. ಯೂರಿನ್ ಕಲ್ಚರ್ ಎಂದು ಚೀಟಿಯಲ್ಲಿ ಬರೆದುಕೊಟ್ಟ ಪರೀಕ್ಷೆಯು ಅಲ್ಲಿ ನಡೆಯುವ ಕ್ರಮ ಹೀಗೆ: ತಂತ್ರಜ್ಞೆಯು ತುದಿಯಲ್ಲಿ ಕಿರಿದಾದ ಉಂಗುರವುಳ್ಳ ತಂತಿಯೊಂದನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಸೀಸೆಯೊಳಗಿನ ಮೂತ್ರದಲ್ಲಿ ನೆಟ್ಟಗೆ ಅದ್ದಿ ತೆಗೆಯುತ್ತಾಳೆ, ಆ ಉಂಗುರದಲ್ಲಿ ನಿಲ್ಲುವ ದ್ರವದ ಪ್ರಮಾಣ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಭಾಗ. ಅದನ್ನು ಅಗರ್ ತಟ್ಟೆಯ ಮೇಲೆ ಒಂದು ಗೆರೆಯಾಗಿ ಎಳೆದು, ಆ ಗೆರೆಗೆ ಅಡ್ಡಲಾಗಿ ಹಿಂದಕ್ಕೂ ಮುಂದಕ್ಕೂ ಹರಡಿ, 37 ಡಿಗ್ರಿಯ ಶಾಖಪೆಟ್ಟಿಗೆಯಲ್ಲಿ ರಾತ್ರಿ ಕಳೆಯಲು ಬಿಡುತ್ತಾಳೆ. ಮರುದಿನ ಬೆಳಗ್ಗೆ ಮ್ಯಾಕಾಂಕಿ ಅಗರಿನ ಮೇಲಾದರೆ ಗುಲಾಬಿ ಬಣ್ಣದ, ಮತ್ತೊಂದು ಬಗೆಯ ಅಗರಿನ ಮೇಲಾದರೆ ಹಳದಿಯ, ಸಾಸಿವೆ ಗಾತ್ರದ ಚುಕ್ಕೆಗಳು ಎದ್ದಿರುತ್ತವೆ. ಚುಕ್ಕೆಗಳು ನೂರಿದ್ದರೆ ಮಿಲಿಲೀಟರಿಗೆ 1,00,000 ಬ್ಯಾಕ್ಟೀರಿಯಗಳೆಂದು ಲೆಕ್ಕ. 1956ರಲ್ಲಿ ಅಮೆರಿಕದ ಎಡ್ವರ್ಡ್ ಕ್ಯಾಸ್ ಎಂಬ ವೈದ್ಯನು ನಿಜವಾದ ಸೋಂಕನ್ನೂ ಹೊರಗಿನಿಂದ ಬೆರೆತ ಕಲ್ಮಷವನ್ನೂ ಬೇರ್ಪಡಿಸುವ ಮಿತಿಯೆಂದು ನಿಲ್ಲಿಸಿದ ಸಂಖ್ಯೆ ಅದೇ. ಅಲ್ಲಿಗೆ ಒಂದು ದಿನ. ಆ ಚುಕ್ಕೆಗಳನ್ನೆತ್ತಿ ಬೇರೆ ತಟ್ಟೆಯಲ್ಲಿ ಔಷಧದ ಬಿಲ್ಲೆಗಳ ನಡುವೆ ಬೆಳೆಸಿ, ಯಾವ ಬಿಲ್ಲೆಯ ಸುತ್ತ ಬೆಳೆ ನಿಂತಿತೆಂದು ಅಳೆಯಲು ಮತ್ತೊಂದು ದಿನ. ಈ ಎರಡು ದಿನಗಳಲ್ಲಿ ರೋಗಿಯು ಸುಮ್ಮನಿರಲಾರಳು, ವೈದ್ಯನೂ ಸುಮ್ಮನಿರಲಾರನು. ಅನುಭವದ ಬಲದ ಮೇಲೆ ಊಹಿಸಿ ಒಂದು ಆ್ಯಂಟಿಬಯಾಟಿಕ್ಕನ್ನು ಬರೆಯುತ್ತಾನೆ. ಈ ಎರಡು ದಿನಗಳ ಕತ್ತಲೆಯನ್ನು ಕಿರಿದು ಮಾಡಬೇಕೆಂಬುದೇ ನಾನು ಹೇಳಹೊರಟಿರುವ ವಿದ್ಯುತ್ ಸಂವೇದಕಗಳ ಹಿಂದಿರುವ ಆಶಯ.

ಮೂತ್ರವನ್ನು ನೋಡಿ ರೋಗವನ್ನರಿಯುವ ಪ್ರಯತ್ನ ಹೊಸದೇನೂ ಅಲ್ಲ. ಚರಕಸಂಹಿತೆಯು ಮೂತ್ರಕೃಚ್ಛ್ರವನ್ನು ಎಂಟು ಬಗೆಯಾಗಿ ವಿಂಗಡಿಸಿತು. ಯೋಗರತ್ನಾಕರವು ಮೂತ್ರದ ಮೇಲೆ ಎಣ್ಣೆಯ ಹನಿಯನ್ನಿಟ್ಟು ಅದು ಹರಡುವ ಪರಿಯನ್ನು ಗಮನಿಸುವ ತೈಲಬಿಂದು ಪರೀಕ್ಷೆಯನ್ನು ಹೇಳಿತು. ಮಧ್ಯಯುಗದ ಯೂರೋಪಿನ ವೈದ್ಯರು ಗಾಜಿನ ಕುಪ್ಪಿಯನ್ನು ಬೆಳಕಿಗೆ ಹಿಡಿದು ಬಣ್ಣದ ಪಟ್ಟಿಯೊಡನೆ ಹೋಲಿಸಿದರು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಳಸುವ ಅದ್ದುಪಟ್ಟಿಯೂ ಬಣ್ಣವನ್ನೇ ನೆಚ್ಚಿದೆ. ಅದರ ಒಂದು ಚೌಕವು ನೈಟ್ರೈಟನ್ನು ಅರಸುತ್ತದೆ. ಕೋಲಿಯಂಥ ಬ್ಯಾಕ್ಟೀರಿಯಗಳು ಆಹಾರದಿಂದ ಮೂತ್ರಕ್ಕೆ ಬಂದ ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಆ ನೈಟ್ರೈಟನ್ನು ಬಣ್ಣವಾಗಿ ಕಾಣಿಸುವ ರಾಸಾಯನಿಕ ವಿಧಾನವನ್ನು ಪೀಟರ್ ಗ್ರೀಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಹಿಡಿದನು. ಇನ್ನೊಂದು ಚೌಕವು ಬಿಳಿಯ ರಕ್ತಕಣಗಳು ಸ್ರವಿಸುವ ಎಸ್ಟರೇಸ್ ಎಂಬ ಕಿಣ್ವವನ್ನು ಅರಸುತ್ತದೆ. ಉಪಯುಕ್ತವಾದ, ಅಗ್ಗವಾದ ಸಾಧನ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ನೈಟ್ರೇಟು ನೈಟ್ರೈಟಾಗಲು ಮೂತ್ರವು ನಾಲ್ಕು ಗಂಟೆಗಳಾದರೂ ಮೂತ್ರಾಶಯದಲ್ಲಿ ನಿಂತಿರಬೇಕು. ಸೋಂಕಿನಿಂದ ಪದೇಪದೇ ಮೂತ್ರವಿಸರ್ಜನೆ ಮಾಡುವವಳಲ್ಲಿ ಅಷ್ಟು ಹೊತ್ತು ನಿಲ್ಲುವುದೆಂತು? ಎಂಟರೊಕಾಕಸ್‌ನಂಥ ಬ್ಯಾಕ್ಟೀರಿಯಗಳು ಈ ಮಾರ್ಪಾಟನ್ನು ಮಾಡುವುದೇ ಇಲ್ಲ. ಉರಿ ತಣಿಸಲು ಕೊಡುವ ಮಾತ್ರೆಯೊಂದು ಮೂತ್ರವನ್ನು ಕಿತ್ತಳೆಯ ಬಣ್ಣಕ್ಕೆ ತಿರುಗಿಸಿದರಂತೂ ಪಟ್ಟಿಯ ಬಣ್ಣವನ್ನು ಓದುವುದೇ ಕಷ್ಟ.

ಬಣ್ಣವನ್ನು ಬಿಟ್ಟು ವಿದ್ಯುತ್ತನ್ನು ಸಾಕ್ಷಿಗೆ ಕರೆಯಬಹುದೆಂಬ ಆಲೋಚನೆ ಎಷ್ಟು ಹಳೆಯದೆಂದರೆ, ಅದನ್ನು ಕೇಳಿದ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಅಚ್ಚರಿಪಡುತ್ತಾರೆ. 1899ರಲ್ಲಿ, ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಜಿ. ಎನ್. ಸ್ಟೀವರ್ಟ್ ಎಂಬಾತನು, ಬ್ಯಾಕ್ಟೀರಿಯಗಳು ಬೆಳೆಯುತ್ತಿರುವ ದ್ರವದ ವಿದ್ಯುದ್ವಾಹಕತೆಯು ಕಾಲಕ್ರಮದಲ್ಲಿ ಏರುತ್ತ ಹೋಗುವುದನ್ನು ಅಳೆದು ಪ್ರಕಟಿಸಿದನು. ಕಾರಣ ಸರಳವಾದದ್ದು, ಆದರೆ ಗಂಭೀರವಾದದ್ದು. ಬ್ಯಾಕ್ಟೀರಿಯವು ತನ್ನ ಆಹಾರವಾದ ದೊಡ್ಡ ಅಣುಗಳನ್ನು, ವಿದ್ಯುದಾವೇಶವಿಲ್ಲದ ಸಕ್ಕರೆಗಳನ್ನೂ ಆವೇಶ ಕಡಿಮೆಯಿರುವ ಪ್ರೋಟೀನುಗಳನ್ನೂ, ಒಡೆದು ಆಮ್ಲಗಳಾಗಿಯೂ ಅಮೋನಿಯವಾಗಿಯೂ ಮಾಡಿ ಹೊರಹಾಕುತ್ತದೆ. ಈ ಚಿಕ್ಕ ಚೂರುಗಳು ನೀರಿನಲ್ಲಿ ಅಯಾನುಗಳಾಗಿ ಚಲಿಸುವುದರಿಂದ ದ್ರವವು ಮೊದಲಿಗಿಂತ ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಎಂದರೆ ಜೀವಾಣುವಿನ ಉಸಿರಾಟ, ಉಣಿಸು, ವೃದ್ಧಿ ಎಲ್ಲವೂ ಮಾಪಕದ ಮುಳ್ಳಿನ ಮೇಲೆ ಗೋಚರವಾಗುತ್ತವೆ. ಅದೇ 1899ರಲ್ಲಿಯೇ ಜರ್ಮನಿಯ ಎಮಿಲ್ ವಾರ್ಬುರ್ಗ್ ಪರ್ಯಾಯ ವಿದ್ಯುತ್ಪ್ರವಾಹಕ್ಕೆ ವಿದ್ಯುದ್ವಾರದ ಮೇಲ್ಮೈ ಹೇಗೆ ಪ್ರತಿಕ್ರಿಯಿಸುವುದೆಂಬ ವಿಚಾರವನ್ನು ಬಿಡಿಸಿದನು. ಇಂದಿನ ಸಂವೇದಕಗಳ ಲೆಕ್ಕಾಚಾರದಲ್ಲಿ ಅವನ ಹೆಸರು ಈಗಲೂ ಬರುತ್ತದೆ. ಹೀಗೆ ಇಬ್ಬರು ಒಂದೇ ವರ್ಷದಲ್ಲಿ ಈ ಶಾಸ್ತ್ರದ ಎರಡು ಅಡಿಗಲ್ಲುಗಳನ್ನಿಟ್ಟರು.

ಸ್ಟೀವರ್ಟನ ತತ್ತ್ವವು ಆಸ್ಪತ್ರೆಯನ್ನು ತಲುಪಲು ಮುಕ್ಕಾಲು ಶತಮಾನ ಹಿಡಿಯಿತು. 1970ರ ದಶಕದಲ್ಲಿ ಕೇಡಿ ಮೊದಲಾದವರು ಮೂತ್ರವನ್ನು ಪೋಷಕದ್ರವದೊಡನೆ ಬೆರೆಸಿ, ಪರ್ಯಾಯ ಪ್ರವಾಹಕ್ಕೆ ಅದು ಒಡ್ಡುವ ಒಟ್ಟು ತಡೆಯನ್ನು, ಅಂದರೆ ಇಂಪೀಡೆನ್ಸನ್ನು, ಎಡೆಬಿಡದೆ ಅಳೆಯುತ್ತ, ಕೆಲವೇ ಗಂಟೆಗಳಲ್ಲಿ ಸೋಂಕಿತ ಮೂತ್ರವನ್ನು ಗುರುತಿಸಬಹುದೆಂದು 1978ರಲ್ಲಿ ತೋರಿಸಿದರು. ಆದರೂ ಆ ವಿಧಾನಕ್ಕೆ ಬ್ಯಾಕ್ಟೀರಿಯ ಬೆಳೆಯುವತನಕ ಕಾಯಲೇಬೇಕಾಗಿತ್ತು. ಬೆಳೆದದ್ದು ಯಾವುದೆಂದು ಹೇಳುವ ಶಕ್ತಿಯೂ ಅದಕ್ಕಿರಲಿಲ್ಲ. ಬೆಳವಣಿಗೆಗೆ ಕಾಯದೆ ಕುರುಹನ್ನೇ ನೇರವಾಗಿ ಹಿಡಿಯುವ ದಾರಿ ಬೇರೆ ಕಡೆಯಿಂದ ಬಂದಿತು.

ಆ ದಾರಿಯನ್ನು ತೆರೆದವನು ಲೀಲೆಂಡ್ ಕ್ಲಾರ್ಕ್. ರಕ್ತದ ಆಮ್ಲಜನಕವನ್ನು ಅಳೆಯುವ ವಿದ್ಯುದ್ವಾರವನ್ನು ನಿರ್ಮಿಸಿ ಹೆಸರಾಗಿದ್ದ ಆತನು, 1962ರಲ್ಲಿ ಲಯನ್ಸ್ ಎಂಬಾತನೊಡನೆ, ಆ ವಿದ್ಯುದ್ವಾರದ ಮುಂದೆ ತೆಳುಪೊರೆಯೊಳಗೆ ಒಂದು ಕಿಣ್ವವನ್ನು ಕೂಡಿಸಿದರೆ ಸಕ್ಕರೆಯನ್ನೂ ಅಳೆಯಬಹುದೆಂದು ಸೂಚಿಸಿದನು. ಜೀವವಸ್ತುವು ಗುರುತಿಸಬೇಕು, ಲೋಹವು ಅದನ್ನು ವಿದ್ಯುತ್ತಾಗಿ ನುಡಿಯಬೇಕು: ಈ ಜೋಡಣೆಯಿಂದ ಹುಟ್ಟಿದ್ದೇ ಇಂದು ಮಧುಮೇಹಿಗಳ ಮನೆಮನೆಯಲ್ಲಿರುವ ಗ್ಲೂಕೋಮೀಟರು. ಅದು ಅಷ್ಟೊಂದು ಯಶಸ್ವಿಯಾದ ಮೇಲೆ ಸೋಂಕಿಗೂ ಅಂಥದೇ ಒಂದು ಪಟ್ಟಿ ಏಕೆ ಇನ್ನೂ ಬಂದಿಲ್ಲವೆಂದು ಬಹಳ ಮಂದಿ ಕೇಳುತ್ತಾರೆ. ಉತ್ತರವು ಅಂಕಿಗಳಲ್ಲಿದೆ. ಆರೋಗ್ಯವಂತನ ಒಂದು ಮಿಲಿಲೀಟರ್ ರಕ್ತದಲ್ಲಿರುವ ಗ್ಲೂಕೋಸಿನ ಅಣುಗಳ ಸಂಖ್ಯೆ 3ರ ಮುಂದೆ 18 ಸೊನ್ನೆಗಳನ್ನಿಟ್ಟಷ್ಟು. ಕ್ಯಾಸ್ ಹೇಳಿದ ಮಿತಿಯಲ್ಲಿ ಒಂದು ಮಿಲಿಲೀಟರ್ ಮೂತ್ರದಲ್ಲಿರುವ ಬ್ಯಾಕ್ಟೀರಿಯಗಳು ಕೇವಲ ಒಂದು ಲಕ್ಷ. ಒಂದಕ್ಕೂ ಮತ್ತೊಂದಕ್ಕೂ ಇರುವ ಅಂತರ ಸುಮಾರು 30 ಲಕ್ಷ ಕೋಟಿ ಪಟ್ಟು. ಸಾಲದೆಂಬಂತೆ, ಸಕ್ಕರೆಯ ಅಣುವೊಂದೊಂದೂ ಕಿಣ್ವದ ಬಳಿಗೆ ಬಂದು ಮಾರ್ಪಟ್ಟು ತಾನೇ ಎಲೆಕ್ಟ್ರಾನುಗಳನ್ನು ಒಪ್ಪಿಸಿ ಹೋಗುತ್ತದೆ. ಬ್ಯಾಕ್ಟೀರಿಯವಾದರೋ ಬಂದು ಅಂಟಿಕೊಂಡು ಸುಮ್ಮನೆ ಕುಳಿತುಬಿಡುತ್ತದೆ. ಅದು ಬಂದು ಕುಳಿತಿತೆಂಬುದನ್ನು ನಾವೇ ಉಪಾಯದಿಂದ ತಿಳಿಯಬೇಕು.

ಆ ಉಪಾಯಗಳಲ್ಲಿ ಒಂದನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಬೇಡುತ್ತೇನೆ. ಚಿನ್ನದ ತೆಳುಲೇಪನವುಳ್ಳ, ಕೆಲವು ಮಿಲಿಮೀಟರ್ ಅಗಲದ ವಿದ್ಯುದ್ವಾರವೊಂದನ್ನು ಭಾವಿಸಿಕೊಳ್ಳಿ. ಗಂಧಕವು ಚಿನ್ನವನ್ನು ಬಲವಾಗಿ ಹಿಡಿಯುವ ಗುಣವನ್ನು ಬಳಸಿಕೊಂಡು, ಗಂಧಕದ ತುದಿಯುಳ್ಳ ಅಣುಗಳನ್ನು ಅದರ ಮೇಲೆ ಒತ್ತೊತ್ತಾಗಿ ನಿಲ್ಲಿಸಿ, ಆ ಅಣುಗಳ ಮೇಲ್ತುದಿಗೆ ಕೋಲಿಯನ್ನೋ ಸೋಂಕಿನ ಪ್ರೋಟೀನೊಂದನ್ನೋ ಗುರುತಿಸಿ ಹಿಡಿಯಬಲ್ಲ ಪ್ರತಿಕಾಯಗಳನ್ನು ಕೂಡಿಸುತ್ತಾರೆ. ದ್ರವದಲ್ಲಿ ಫೆರೊಸಯನೈಡ್ ಮತ್ತು ಫೆರಿಸಯನೈಡ್ ಎಂಬ ಜೋಡಿ ಲವಣಗಳಿರುತ್ತವೆ. ಇವು ಚಿನ್ನದ ಬಳಿಗೆ ಬಂದು ಎಲೆಕ್ಟ್ರಾನನ್ನು ಕೊಡುತ್ತಲೂ ಕೊಳ್ಳುತ್ತಲೂ ಇರುತ್ತವೆ. ಹತ್ತು ಮಿಲಿವೋಲ್ಟಿನಷ್ಟು ಸಣ್ಣ ಪರ್ಯಾಯ ವಿಭವವನ್ನು, ಸೆಕೆಂಡಿಗೆ ಒಂದು ಲಕ್ಷ ಆವೃತ್ತಿಯಿಂದ ಹಿಡಿದು ಹತ್ತು ಸೆಕೆಂಡಿಗೆ ಒಂದು ಆವೃತ್ತಿಯವರೆಗೆ ಇಳಿಸುತ್ತ ಹೋಗಿ, ಪ್ರತಿ ಹಂತದಲ್ಲಿಯೂ ಇಂಪೀಡೆನ್ಸನ್ನು ಗುರುತಿಸಿ ನಕ್ಷೆ ಬರೆದರೆ ಒಂದು ಅರ್ಧವೃತ್ತ ಮೂಡುತ್ತದೆ. ಪ್ರತಿಕಾಯಗಳು ತಮ್ಮ ಗುರಿಯನ್ನು ಹಿಡಿದಂತೆಲ್ಲ ಚಿನ್ನದ ಮೇಲ್ಮೈ ಮುಚ್ಚಿಹೋಗಿ, ಲವಣಗಳು ಒಳಬರಲು ತಡೆಯುಂಟಾಗಿ, ಅರ್ಧವೃತ್ತವು ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಸಾಕ್ಷ್ಯ. ಬಣ್ಣವಿಲ್ಲ, ದೀಪವಿಲ್ಲ, ಮಸೂರವಿಲ್ಲ. ಮೂತ್ರ ಕಿತ್ತಳೆಯಾಗಿದ್ದರೂ ಕದಡಿದ್ದರೂ ಅಳತೆಗೆ ಆ ಕಾರಣದಿಂದ ಅಡ್ಡಿಯಿಲ್ಲ.

ಮತ್ತೊಂದು ಉಪಾಯವು ಇನ್ನೂ ಜಾಣತನದ್ದು. 2006ರಲ್ಲಿ ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸಿನಲ್ಲಿ ಜೋಸೆಫ್ ಲಿಯಾವೊ, ಡೇವಿಡ್ ಹಾಕ್, ವಿನ್ಸೆಂಟ್ ಗಾವ್ ಮೊದಲಾದವರು ಬ್ಯಾಕ್ಟೀರಿಯವನ್ನು ಹಿಡಿಯುವುದನ್ನೇ ಬಿಟ್ಟು, ಅದನ್ನು ಒಡೆದು ಅದರ ರೈಬೋಸೋಮಿನ ಆರ್‌ಎನ್‌ಎಯನ್ನು ಅರಸಿದರು. ಬ್ಯಾಕ್ಟೀರಿಯವೊಂದರಲ್ಲಿ ರೈಬೋಸೋಮುಗಳು ಸಾವಿರಗಟ್ಟಲೆ ಇರುವುದರಿಂದ, ಲಕ್ಷ ಬ್ಯಾಕ್ಟೀರಿಯಗಳಿರುವಲ್ಲಿ ಗುರಿಗಳು ಹತ್ತಾರು ಕೋಟಿಗೆ ಏರುತ್ತವೆ. ಪ್ರಕೃತಿಯೇ ಗುಣಿಸಿಟ್ಟ ಸಂಖ್ಯೆಯನ್ನು ಅವರು ಬಳಸಿಕೊಂಡರು. ಹದಿನಾರು ವಿದ್ಯುದ್ವಾರಗಳ ಪಂಕ್ತಿಯಲ್ಲಿ ಬೇರೆಬೇರೆ ಬ್ಯಾಕ್ಟೀರಿಯಗಳ ಆರ್‌ಎನ್‌ಎಗೆ ಹೊಂದುವ ಡಿಎನ್‌ಎ ಎಳೆಗಳನ್ನು ನೆಟ್ಟು, ಹೊಂದಿಕೆಯಾದಲ್ಲಿ ಕಿಣ್ವವೊಂದು ಪ್ರವಾಹವನ್ನು ಹೊಮ್ಮಿಸುವಂತೆ ಏರ್ಪಡಿಸಿ, ರೋಗಿಗಳ ಮೂತ್ರದಲ್ಲಿ ಬ್ಯಾಕ್ಟೀರಿಯದ ಹೆಸರನ್ನು 45 ನಿಮಿಷಗಳಲ್ಲಿ ಹೇಳಿದರು. ಈ ಪ್ರಯೋಗವನ್ನು ನಾನು ಗೌರವದಿಂದ ನೆನೆಯುವುದು ಅದರ ವೇಗಕ್ಕಾಗಿ ಮಾತ್ರವೇ ಅಲ್ಲ. ಅವರು ಶುದ್ಧದ್ರಾವಣದಲ್ಲಿ ತೃಪ್ತರಾಗದೆ ಆಸ್ಪತ್ರೆಯಿಂದ ಬಂದ ನಿಜವಾದ ಮೂತ್ರದ ಎದುರಿನಲ್ಲಿ ತಮ್ಮ ಸಂವೇದಕವನ್ನು ನಿಲ್ಲಿಸಿದರೆಂಬ ಕಾರಣಕ್ಕಾಗಿ.

ಏಕೆಂದರೆ ಮೂತ್ರವು ಬಹಳ ಹಟಮಾರಿಯಾದ ದ್ರವ. ರಕ್ತವನ್ನು ದೇಹವು ಕಟ್ಟುನಿಟ್ಟಾದ ಮಿತಿಗಳೊಳಗೆ ಕಾಪಾಡಿಕೊಳ್ಳುತ್ತದೆ. ಆ ಮಿತಿಗಳನ್ನು ಕಾಯುವ ಸಲುವಾಗಿಯೇ ಬೇಡವಾದುದನ್ನೆಲ್ಲ ಮೂತ್ರಕ್ಕೆ ದೂಡುತ್ತದೆ. ಅದರ ಆಮ್ಲತೆಯ ಪಿಎಚ್ ನಾಲ್ಕೂವರೆಯಿಂದ ಎಂಟರವರೆಗೆ ಓಲಾಡುತ್ತದೆ. ಲವಣಗಳು ಬೆಳಗ್ಗೆ ದಟ್ಟವಾಗಿ, ಮಧ್ಯಾಹ್ನ ತೆಳುವಾಗಿ, ಉಪ್ಪಿನಕಾಯಿ ತಿಂದ ದಿನ ಒಂದಾಗಿ, ಉಪವಾಸದ ದಿನ ಮತ್ತೊಂದಾಗಿ ಇರುತ್ತವೆ. ಈ ಲವಣಗಳು ಮಾಡುವ ಮುಖ್ಯವಾದ ಉಪದ್ರವವನ್ನು ವಿವರಿಸಬೇಕು. 1970ರಲ್ಲಿ ನೆದರ್ಲೆಂಡಿನ ಪೀಟ್ ಬರ್ಗ್‌ವೆಲ್ಡ್ ಟ್ರಾನ್ಸಿಸ್ಟರಿನ ಲೋಹದ ದ್ವಾರವನ್ನು ತೆಗೆದು ಅಲ್ಲಿಗೆ ದ್ರವವನ್ನು ತಂದು, ದ್ರವದ ಅಯಾನುಗಳೇ ಟ್ರಾನ್ಸಿಸ್ಟರನ್ನು ಆಳುವಂತೆ ಮಾಡಿದನು. ಅಂದಿನಿಂದ, ಬ್ಯಾಕ್ಟೀರಿಯದ ಅಥವಾ ಪ್ರೋಟೀನಿನ ವಿದ್ಯುದಾವೇಶವನ್ನು ಯಾವ ಕಿಣ್ವದ ಸಹಾಯವೂ ಇಲ್ಲದೆ ನೇರವಾಗಿ ಓದುವ ಆಸೆ ಅನೇಕರನ್ನು ಸೆಳೆದಿದೆ. ಆದರೆ ಲವಣಯುಕ್ತ ದ್ರವದಲ್ಲಿ ಪ್ರತಿಯೊಂದು ಆವೇಶವನ್ನೂ ವಿರುದ್ಧ ಆವೇಶದ ಅಯಾನುಗಳು ಮುತ್ತಿಕೊಳ್ಳುತ್ತವೆ. ಜಾತ್ರೆಯ ಗದ್ದಲದಲ್ಲಿ ಕೂಗಿದವನ ದನಿ ಪಕ್ಕದವನನ್ನು ಮೀರಿ ಹೋಗದಿರುವಂತೆ, ಆ ಆವೇಶದ ಪ್ರಭಾವವು ಒಂದು ನ್ಯಾನೊಮೀಟರನ್ನು ದಾಟುವುದರೊಳಗೆ ಅಳಿಸಿಹೋಗುತ್ತದೆ. ಡಿಬೈ ಮತ್ತು ಹ್ಯೂಕೆಲ್ 1923ರಲ್ಲಿಯೇ ಇದರ ಗಣಿತವನ್ನು ಕೊಟ್ಟಿದ್ದರು. ಗುರಿಯನ್ನು ಹಿಡಿಯಬೇಕಾದ ಪ್ರತಿಕಾಯದ ಉದ್ದವೇ ಹತ್ತು ನ್ಯಾನೊಮೀಟರ್! ಅದರ ತುದಿಯಲ್ಲಿ ಏನು ಬಂದು ಕುಳಿತರೂ ಕೆಳಗಿರುವ ಟ್ರಾನ್ಸಿಸ್ಟರಿಗೆ ಅದರ ಸುಳಿವು ಹತ್ತಲಾರದು. ನೀರು ಬೆರೆಸಿ ಲವಣವನ್ನು ತೆಳುಮಾಡಬಹುದು. ಆಗ ಗುರಿಗಳೂ ವಿರಳವಾಗುತ್ತವೆ.

ಇದು ಒಂದು. ಹೋಲಿಕೆಯ ವಿದ್ಯುದ್ವಾರದ ಸಂಗತಿ ಇನ್ನೊಂದು, ಇದನ್ನು ಗಮನಿಸುವವರು ಕಡಿಮೆ. ಯಾವ ವಿಭವವನ್ನು ಅಳೆಯಬೇಕಾದರೂ ಕದಲದೆ ನಿಂತಿರುವ ಮತ್ತೊಂದು ವಿಭವ ಬೇಕು. ಅಗ್ಗದ ಪಟ್ಟಿಗಳಲ್ಲಿ ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನ ಶಾಯಿಯನ್ನು ಮುದ್ರಿಸಿ ಆ ಕೆಲಸಕ್ಕೆ ಹಚ್ಚುತ್ತಾರೆ. ಆದರೆ ಅದರ ವಿಭವವು ತನ್ನನ್ನು ತೋಯಿಸಿದ ದ್ರವದ ಕ್ಲೋರೈಡನ್ನು ಅವಲಂಬಿಸಿರುತ್ತದೆ. ಕ್ಲೋರೈಡು ಹತ್ತು ಪಟ್ಟು ವ್ಯತ್ಯಾಸವಾದರೆ ಅದು 59 ಮಿಲಿವೋಲ್ಟುಗಳಷ್ಟು ಸರಿಯುತ್ತದೆ, ಮತ್ತು ಮೂತ್ರದ ಕ್ಲೋರೈಡಿನಲ್ಲಿ ಅಷ್ಟು ವ್ಯತ್ಯಾಸ ಅಪರೂಪವೇನಲ್ಲ. ಅಳತೆಗೋಲೇ ಹೀಗೆ ಹಿಗ್ಗಿ ಕುಗ್ಗುವಾಗ ಅಳತೆಯನ್ನು ನಂಬುವುದೆಂತು? ಇದರ ಮೇಲೆ ಯೂರಿಕ್ ಆಮ್ಲ, ಸಿ ಜೀವಸತ್ವ, ಜ್ವರಕ್ಕೆ ನುಂಗಿದ ಪ್ಯಾರಸಿಟಮಾಲಿನ ಶೇಷ ಇವೆಲ್ಲವೂ ವಿದ್ಯುದ್ವಾರದ ಮೇಲೆ ತಾವಾಗಿಯೇ ಉತ್ಕರ್ಷಣಗೊಂಡು, ನಾವು ಕೇಳದ ಪ್ರವಾಹವನ್ನು ಕೊಡುತ್ತವೆ. ಕಡೆಯದಾಗಿ ಪ್ರೋಟೀನುಗಳು. ಆರೋಗ್ಯವಂತರ ಮೂತ್ರದಲ್ಲಿ ಹೆಚ್ಚಾಗಿರುವ ಪ್ರೋಟೀನನ್ನು ಟ್ಯಾಮ್ ಮತ್ತು ಹಾರ್ಸ್‌ಫಾಲ್ 1950ರಲ್ಲಿ ಬೇರ್ಪಡಿಸಿದರು. ನೂಲುನೂಲಾಗಿ ಹೆಣೆದುಕೊಳ್ಳುವ ಈ ವಸ್ತುವು, ಸೋಂಕು ಇರಲಿ ಇಲ್ಲದಿರಲಿ, ಚಿನ್ನದ ಮೇಲೆ ಹೋಗಿ ಅಂಟಿಕೊಂಡರೆ ಮೊದಲು ಹೇಳಿದ ಅರ್ಧವೃತ್ತವು ಬ್ಯಾಕ್ಟೀರಿಯ ಬಂದಾಗ ಹಿಗ್ಗುವಂತೆಯೇ ಹಿಗ್ಗುತ್ತದೆ. ಆದ್ದರಿಂದ ಎಚ್ಚರವುಳ್ಳ ಸಂಶೋಧಕರು ಸಂವೇದಕದ ಪಕ್ಕದಲ್ಲಿಯೇ, ಏನನ್ನೂ ಗುರುತಿಸದ ಪ್ರತಿಕಾಯವನ್ನು ಹೊತ್ತ ಎರಡನೆಯ ವಿದ್ಯುದ್ವಾರವನ್ನು ನಿಲ್ಲಿಸಿ, ಎರಡರ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಪ್ರತಿ ತಿಂಗಳೂ ಪತ್ರಿಕೆಗಳಲ್ಲಿ ಹೊಸ ಸಂವೇದಕಗಳ ವರದಿಗಳು ಬರುತ್ತವೆ. ಗ್ರಾಫೀನು, ಇಂಗಾಲದ ನಳಿಕೆ, ಚಿನ್ನದ ಕಣಗಳನ್ನು ಬಳಸಿ ಒಂದೆರಡು ಬ್ಯಾಕ್ಟೀರಿಯಗಳನ್ನೂ ಕಂಡೆವೆಂದು ಅವು ಸಾರುತ್ತವೆ. ಇವುಗಳನ್ನು ಓದುವ ಯುವಕರಿಗೆ ನಾನು ಹೇಳುವುದಿಷ್ಟು: ಮೊದಲು ಪ್ರಯೋಗವಿಧಾನದ ಭಾಗಕ್ಕೆ ಹೋಗಿ, ಅಳತೆ ನಡೆದದ್ದು ಯಾವ ದ್ರವದಲ್ಲಿ ಎಂದು ನೋಡಿರಿ. ಶುದ್ಧವಾದ ಬಫರ್ ದ್ರಾವಣದಲ್ಲಿಯೆ, ಲವಣಗಳನ್ನು ಕೂಡಿಸಿ ತಯಾರಿಸಿದ ಕೃತಕ ಮೂತ್ರದಲ್ಲಿಯೆ, ಒಬ್ಬ ಆರೋಗ್ಯವಂತನ ಮೂತ್ರಕ್ಕೆ ಬ್ಯಾಕ್ಟೀರಿಯವನ್ನು ಬೆರೆಸಿಯೆ, ಇಲ್ಲವೆ ಹೊರರೋಗಿ ವಿಭಾಗಕ್ಕೆ ಬಂದ ನೂರಾರು ರೋಗಿಗಳ ಮೂತ್ರದಲ್ಲಿಯೆ? ಕಡೆಯದನ್ನು ಎದುರಿಸದ ಸಂವೇದಕವನ್ನು ಭೌತಶಾಸ್ತ್ರದ ಒಂದು ಸುಂದರ ಫಲವೆಂದು ಮೆಚ್ಚೋಣ. ವೈದ್ಯಕೀಯ ಸಾಧನವೆಂದು ಕರೆಯಲು ಅವಸರಪಡುವುದು ಬೇಡ.

ಅತಿಸೂಕ್ಷ್ಮತೆಯೇ ಗುಣವೆಂಬ ಭಾವನೆಯನ್ನೂ ಇಲ್ಲಿ ಪರೀಕ್ಷಿಸತಕ್ಕದ್ದು. ಆರೋಗ್ಯವಂತರ ಮೂತ್ರಾಶಯದಲ್ಲಿ ಯಾವ ಸೂಕ್ಷ್ಮಾಣುವೂ ಇಲ್ಲವೆಂದು ನಾವೆಲ್ಲರೂ ಓದಿ ಬೆಳೆದೆವು. 2012ರಲ್ಲಿ ಅಮೆರಿಕದ ವುಲ್ಫ್ ಮತ್ತು ಸಂಗಡಿಗರು, ಸಾಮಾನ್ಯ ಕಲ್ಚರಿನಲ್ಲಿ ಬೆಳೆಯದ ಬ್ಯಾಕ್ಟೀರಿಯಗಳು ಸ್ತ್ರೀಯರ ಮೂತ್ರಾಶಯದಲ್ಲಿ ಇರುವುದನ್ನು ತೋರಿಸಿದ ಮೇಲೆ ಆ ಪಾಠವನ್ನು ತಿದ್ದಿಕೊಳ್ಳಬೇಕಾಯಿತು. ವಯಸ್ಸಾದ ಹೆಂಗಸರಲ್ಲಿ ಅನೇಕರ ಮೂತ್ರದಲ್ಲಿ ಬ್ಯಾಕ್ಟೀರಿಯ ಧಾರಾಳವಾಗಿದ್ದರೂ ಅವರಿಗೆ ಯಾವ ಬಾಧೆಯೂ ಇರುವುದಿಲ್ಲ. ಬಸುರಿಯರನ್ನೂ ಮೂತ್ರಾಂಗದ ಶಸ್ತ್ರಕ್ರಿಯೆಗೆ ಸಿದ್ಧರಾದವರನ್ನೂ ಬಿಟ್ಟರೆ ಅಂಥವರಿಗೆ ಮದ್ದು ಕೊಡುವುದು ಸಾಮಾನ್ಯವಾಗಿ ಅನಾವಶ್ಯಕ. ಇನ್ನೊಂದು ಕಡೆ, ಉರಿಯಿಂದ ನರಳುತ್ತಿರುವ ಯುವತಿಯಲ್ಲಿ ಮಿಲಿಲೀಟರಿಗೆ ನೂರು ಬ್ಯಾಕ್ಟೀರಿಯಗಳಿದ್ದರೂ ಅದು ನಿಜವಾದ ಸೋಂಕಾಗಿರಬಹುದೆಂದು ಸ್ಟ್ಯಾಮ್ ಮೊದಲಾದವರು 1982ರಲ್ಲಿ ತೋರಿಸಿದರು. ಎಂದರೆ ಸಂಖ್ಯೆಯೊಂದೇ ರೋಗವನ್ನು ಹೇಳಲಾರದು. ಆ ಕಾರಣದಿಂದ, ಬ್ಯಾಕ್ಟೀರಿಯದ ಕುರುಹಿನ ಜೊತೆಗೆ ದೇಹದ ಪ್ರತಿಕ್ರಿಯೆಯ ಕುರುಹನ್ನೂ ಅಳೆಯುವ ಸಂವೇದಕಗಳಲ್ಲಿ ನನಗೆ ಹೆಚ್ಚು ವಿಶ್ವಾಸ. ಬಿಳಿಯ ರಕ್ತಕಣಗಳು ಹೋರಾಟದಲ್ಲಿ ಸುರಿಸುವ ಲ್ಯಾಕ್ಟೋಫೆರಿನ್, ಮೈಯಲೊಪೆರಾಕ್ಸಿಡೇಸ್, ಅವುಗಳನ್ನು ಕರೆತರುವ ಇಂಟರ್‌ಲ್ಯೂಕಿನ್-8 ಇವುಗಳು ಪ್ರತಿಕಾಯಗಳಿಗೆ ಸಿಕ್ಕುವ, ವಿದ್ಯುದ್ವಾರದ ಮೇಲೆ ಅಳೆಯಬಹುದಾದ ಪ್ರೋಟೀನುಗಳು. ಬ್ಯಾಕ್ಟೀರಿಯವು ಬಂದಿದೆ ಎಂಬುದು ಒಂದು ಮಾತು, ದೇಹವು ಅದನ್ನು ಶತ್ರುವೆಂದು ಎದುರಿಸುತ್ತಿದೆ ಎಂಬುದು ಇನ್ನೊಂದು ಮಾತು. ಒಂದೇ ಪಟ್ಟಿಯ ಮೇಲೆ ಎರಡನ್ನೂ ಕೇಳಿಸಿಕೊಂಡ ವೈದ್ಯನು ಅನಾವಶ್ಯಕವಾದ ಮದ್ದನ್ನು ಬರೆಯದಿರುವ ಧೈರ್ಯವನ್ನು ಪಡೆಯುತ್ತಾನೆ.

ಮೂತ್ರದ ಹಟವನ್ನು ಗೆಲ್ಲಲಾಗದೆಂದು ಯಾರೂ ಎದೆಗುಂದಬೇಕಾಗಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಪ್ರಾಧ್ಯಾಪಕ ನವಕಾಂತ ಭಟ್ಟರೂ ವಿನಯ್ ಕುಮಾರರೂ ನಡೆಸಿದ ಸಂಶೋಧನೆಯಿಂದ ಪಾಥ್‌ಶೋಧ್ ಎಂಬ ಕಂಪನಿ ಹುಟ್ಟಿ, ಕೈಯಲ್ಲಿ ಹಿಡಿಯಬಹುದಾದ ವಿದ್ಯುದ್ರಾಸಾಯನಿಕ ಉಪಕರಣವೊಂದನ್ನು ತಯಾರಿಸಿದೆ. ಅದು ರಕ್ತದ ಹಲವು ಅಂಶಗಳ ಜೊತೆಗೆ ಮೂತ್ರದ ಆಲ್ಬುಮಿನ್ನನ್ನೂ ಕ್ರಿಯಾಟಿನಿನ್ನನ್ನೂ ಅಳೆಯುತ್ತದೆ. ಅವು ಮಧುಮೇಹಿಗಳ ಮೂತ್ರಪಿಂಡದ ಸ್ಥಿತಿಯನ್ನು ಹೇಳುವ ಅಂಶಗಳೇ ಹೊರತು ಸೋಂಕಿನವಲ್ಲ. ಹಾಗಿದ್ದರೂ ನಿಜವಾದ ಮೂತ್ರದಲ್ಲಿ, ಅಗ್ಗದ ಪಟ್ಟಿಯ ಮೇಲೆ, ವಿದ್ಯುತ್ತಿನಿಂದ ಅಳತೆ ಸಾಧ್ಯವೆಂಬುದು ಇಲ್ಲಿಯೇ ಸಿದ್ಧವಾಗಿದೆ. ಆಲ್ಬುಮಿನ್ನನ್ನು ಕ್ರಿಯಾಟಿನಿನ್ನಿನ ಜೊತೆ ಹೋಲಿಸಿ ಹೇಳುವ ಪದ್ಧತಿಯಿಂದ, ಮೂತ್ರವು ತೆಳುವಾಗಿದೆಯೊ ದಟ್ಟವಾಗಿದೆಯೊ ಎಂಬ ಗೊಂದಲವೂ ಬಹುಮಟ್ಟಿಗೆ ನೀಗುತ್ತದೆ. ಸೋಂಕಿನ ಪ್ರೋಟೀನುಗಳಿಗೂ ಇದೇ ಪದ್ಧತಿಯನ್ನು ಅನ್ವಯಿಸಬಹುದು.

ಇನ್ನು ಮೂರನೆಯ ಪ್ರಶ್ನೆ: ಯಾವ ಮದ್ದು? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಆ್ಯಂಟಿಬಯಾಟಿಕ್ಕುಗಳಿಗೆ ಬಗ್ಗದ ಬ್ಯಾಕ್ಟೀರಿಯಗಳ ನೇರ ಕಾರಣದಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜುಮಾಡಲಾಗಿದೆ. ಬಹುತೇಕ ಎಲ್ಲ ಮದ್ದುಗಳನ್ನೂ ಧಿಕ್ಕರಿಸುವ ಶಕ್ತಿಯನ್ನು ಕೊಡುವ ಎನ್‌ಡಿಎಂ-1 ಎಂಬ ಕಿಣ್ವವು ಮೊದಲು ಗುರುತಿಗೆ ಸಿಕ್ಕಿದ್ದು, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬನ ಮೂತ್ರದಿಂದ 2008ರಲ್ಲಿ ಬೇರ್ಪಡಿಸಿದ ಬ್ಯಾಕ್ಟೀರಿಯದಲ್ಲಿ. ಊಹೆಯಿಂದ ಬರೆದ ಮದ್ದು ಗುರಿ ತಪ್ಪಿದಂತೆಲ್ಲ ಇಂಥ ಬ್ಯಾಕ್ಟೀರಿಯಗಳಿಗೆ ದಾರಿ ಸುಗಮವಾಗುತ್ತದೆ. ಈ ಆತಂಕದಿಂದಲೇ ಬ್ರಿಟನ್ನಿನವರು ಸ್ಥಾಪಿಸಿದ್ದ ಲಾಂಜಿಟ್ಯೂಡ್ ಬಹುಮಾನದ 80 ಲಕ್ಷ ಪೌಂಡುಗಳು 2024ರಲ್ಲಿ ಮೂತ್ರಸೋಂಕಿನ ಪರೀಕ್ಷೆಯೊಂದಕ್ಕೆ ಸಂದವು. ಸ್ವೀಡನ್ನಿನಲ್ಲಿ ರೂಪುಗೊಂಡ ಆ ಉಪಕರಣವು ಸೋಂಕು ಇದೆಯೆ ಎಂಬುದನ್ನು 15 ನಿಮಿಷಗಳಲ್ಲಿಯೂ ಯಾವ ಮದ್ದಿಗೆ ಬಗ್ಗುವುದೆಂಬುದನ್ನು 45 ನಿಮಿಷಗಳಲ್ಲಿಯೂ ಹೇಳುತ್ತದೆ. ಅದು ಕೆಲಸಮಾಡುವುದು ಬೆಳಕಿನಿಂದ, ಸೂಕ್ಷ್ಮದರ್ಶಕದಿಂದ. ವಿದ್ಯುತ್ತಿನ ಪಕ್ಷದವರು ಇದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಬೆಳೆಯುತ್ತಿರುವ ಬ್ಯಾಕ್ಟೀರಿಯ ದ್ರವದ ವಾಹಕತೆಯನ್ನು ಬದಲಿಸುತ್ತದೆ ಎಂದು ಸ್ಟೀವರ್ಟ್ ಹೇಳಿದನಷ್ಟೆ. ಮೂತ್ರವನ್ನು ಕೂದಲೆಳೆಯಷ್ಟು ಕಿರಿದಾದ ಕೋಣೆಗಳಿಗೆ ಹಂಚಿ, ಒಂದೊಂದು ಕೋಣೆಗೆ ಒಂದೊಂದು ಮದ್ದನ್ನು ಬೆರೆಸಿ, ಎಲ್ಲಿ ವಾಹಕತೆಯ ಏರಿಕೆ ನಿಂತಿತೆಂದು ನೋಡಿದರೆ ಆ ಮದ್ದೇ ಸಲ್ಲತಕ್ಕದ್ದೆಂದು ಗೊತ್ತಾಗುತ್ತದೆ. ಕೋಣೆ ಕಿರಿದಾದಷ್ಟೂ ಒಂದು ಬ್ಯಾಕ್ಟೀರಿಯ ಹೊರಹಾಕಿದ ಅಯಾನುಗಳು ಹರಡಿಹೋಗದೆ ಅಲ್ಲಿಯೇ ಉಳಿದು, ಏರಿಕೆಯು ಬೇಗ ಕಾಣುತ್ತದೆ. ಮಸೂರ, ಕ್ಯಾಮೆರಾಗಳ ವೆಚ್ಚವಿಲ್ಲದ ಈ ದಾರಿಯಲ್ಲಿ ಹಲವು ಪ್ರಯೋಗಶಾಲೆಗಳು ಈಗ ದುಡಿಯುತ್ತಿವೆ.

ಇಂಥ ಉಪಕರಣವು ಎಲ್ಲಿಗೆ ಮೊದಲು ಹೋಗಬೇಕೆಂಬ ವಿಚಾರದಲ್ಲಿ ನನ್ನ ಮನಸ್ಸು ದೃಢವಾಗಿದೆ. ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಕಲ್ಚರಿನ ಸೌಲಭ್ಯ ಕೈಗೆಟುಕುವಂತಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದಿಲ್ಲ. ಅಲ್ಲಿಂದ ಸೀಸೆಯಲ್ಲಿ ಹೊರಟ ಮೂತ್ರವು ಎರಡು ಗಂಟೆಗಳೊಳಗೆ ಪ್ರಯೋಗಶಾಲೆಯನ್ನು ಮುಟ್ಟಬೇಕು, ಇಲ್ಲವೆ ತಂಪಿನಲ್ಲಿರಬೇಕು. ಬಿಸಿಲಿನಲ್ಲಿ ಬಸ್ಸಿನೊಳಗೆ ಬಂದ ಸೀಸೆಯಲ್ಲಿ ಬ್ಯಾಕ್ಟೀರಿಯಗಳು ದಾರಿಯುದ್ದಕ್ಕೂ ಇಮ್ಮಡಿಸುತ್ತ ಬಂದು, ಇಲ್ಲದ ಸೋಂಕನ್ನು ತಟ್ಟೆಯ ಮೇಲೆ ತೋರಿಸಿಬಿಡುತ್ತವೆ. ಸಂವೇದಕವೇ ಸೀಸೆಯ ಬಳಿಗೆ ಹೋದರೆ ಈ ತೊಡಕೇ ಇರುವುದಿಲ್ಲ. ಆದರೆ ಆ ಪಟ್ಟಿಯ ಮೇಲಿನ ಪ್ರತಿಕಾಯವು ರಾಯಚೂರಿನ ಬೇಸಗೆಯನ್ನೂ ಆಗುಂಬೆಯ ಮಳೆಗಾಲವನ್ನೂ ಫ್ರಿಜ್ಜಿಲ್ಲದೆ ತಾಳಿಕೊಳ್ಳಬೇಕು, ಮತ್ತು ಅದರ ಬೆಲೆ ಇಂದಿನ ಅದ್ದುಪಟ್ಟಿಯ ಬೆಲೆಯಿಂದ ಬಹಳ ದೂರ ಹೋಗಬಾರದು. ಬಸುರಿಯರು ತಪಾಸಣೆಗೆ ಬರುವ ದಿನ ನರ್ಸಮ್ಮನು ತೂಕವನ್ನೂ ರಕ್ತದೊತ್ತಡವನ್ನೂ ತಾಯಿಕಾರ್ಡಿನಲ್ಲಿ ಬರೆಯುವಾಗ, ಅದೇ ಸಾಲಿನಲ್ಲಿ ಮೂತ್ರದ ಸೋಂಕಿನ ಫಲಿತವನ್ನೂ, ಬೇಕಾದ ಮದ್ದಿನ ಹೆಸರನ್ನೂ, ಆಕೆ ಊರಿನ ಬಸ್ಸು ಹತ್ತುವ ಮೊದಲೇ ಬರೆಯುವಂತಾಗಬೇಕೆಂಬುದು, ಈ ಕ್ಷೇತ್ರದಲ್ಲಿ ದುಡಿಯುವ ನಮ್ಮ ಎಂಜಿನಿಯರುಗಳ ಮುಂದೆ ನಾನು ಇಡುವ ಬೇಡಿಕೆ.